ಅಪ್ಪಣೆಯೂ ಆಶ್ರಯವೂ: ಮಾಗಳ ಸೀಮೆಯ ವಿದ್ಯಾಶಾಲೆಗಳ ಪೂರ್ವಕಥನ

ತುಂಗಭದ್ರೆಯ ಬಲದಂಡೆಯಲ್ಲಿ ಹೂವಿನಹಡಗಲಿ ತಾಲೂಕಿಗೆ ಸೇರಿದ ಮಾಗಳವೆಂಬ ಗ್ರಾಮವೂ, ಅದರ ನೆರೆಯಲ್ಲಿ ಹಬ್ಬಿಕೊಂಡಿರುವ ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಗಳ ಸೀಮೆಯೂ ಇತಿಹಾಸಜ್ಞರಿಗೆ ಬಹುಮಟ್ಟಿಗೆ ತಮ್ಮ ದೇವಾಲಯಗಳ ಮೂಲಕವೇ ಪರಿಚಿತವಾಗಿವೆ. 1896ರಲ್ಲಿ ಅಲೆಗ್ಜಾಂಡರ್ ರೀ ಎಂಬ ಪುರಾತತ್ತ್ವಾಧಿಕಾರಿಯು ಚಾಲುಕ್ಯ ಶಿಲ್ಪವನ್ನು ಕುರಿತು ತನ್ನ ಗ್ರಂಥವನ್ನು ಪ್ರಕಟಿಸಿದಾಗ ಮಾಗಳ, ಹಿರೇಹಡಗಲಿ, ಹೂವಿನಹಡಗಲಿ, ಬಾಗಳಿ, ಕುರುವತ್ತಿಗಳ ಗುಡಿಗಳ ಕಂಬಗಳೂ ಬಾಗಿಲುವಾಡಗಳೂ ಲೋಕದ ಕಣ್ಣಿಗೆ ಬಿದ್ದವು. ಅಂದಿನಿಂದ ಇಂದಿನವರೆಗೆ ಈ ಊರುಗಳಿಗೆ ಬರುವ ವಿದ್ವಾಂಸರು ಆ ಕೆತ್ತನೆಯ ಸೂಕ್ಷ್ಮವನ್ನು ಕೊಂಡಾಡಿ ಹಿಂತಿರುಗುವುದು ವಾಡಿಕೆಯಾಗಿದೆ. ಆದರೆ ಇದೇ ನೆಲಕ್ಕೆ ಕಲ್ಲಿನ ಚರಿತ್ರೆಯೊಡನೆ ಹೆಣೆದುಕೊಂಡ ಇನ್ನೊಂದು ಚರಿತ್ರೆಯೂ ಉಂಟು. ಮಕ್ಕಳಿಗೆ ವಿದ್ಯೆ ಹೇಳುವ ಸ್ಥಾನಗಳಿಗೆ ಇಲ್ಲಿ ಯಾವ ಕಾಲದಲ್ಲಿ ಯಾರು ಅಪ್ಪಣೆಯನ್ನಿತ್ತರು, ಆ ಅಪ್ಪಣೆಯೊಡನೆ ಅನ್ನವನ್ನೂ ಭೂಮಿಯನ್ನೂ ಯಾರು ಕೊಟ್ಟರು, ಕಲಿಸಿದುದು ನಿಜವಾಗಿ ಕಲಿತಾಯಿತೇ ಎಂಬುದನ್ನು ಯಾರು ಪರೀಕ್ಷಿಸಿದರು ಎಂಬ ಮೂರು ಪ್ರಶ್ನೆಗಳನ್ನು ಹಿಡಿದು ನಡೆದರೆ ಆ ಚರಿತ್ರೆಯು ತಾನಾಗಿಯೇ ತೆರೆದುಕೊಳ್ಳುತ್ತದೆ.

ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಈ ಸೀಮೆಯ ಬಹುಭಾಗವು ಕೋಗಳಿ ಐನೂರು ಎಂಬ ನಾಡಿಗೆ ಸೇರಿತ್ತು. ಈಗ ಹಗರಿಬೊಮ್ಮನಹಳ್ಳಿ ತಾಲೂಕಿನ ಒಂದು ಸಾಮಾನ್ಯ ಗ್ರಾಮವಾಗಿರುವ ಕೋಗಳಿಯು ಅಂದು ಆ ನಾಡಿನ ತಲೆಯೂರಾಗಿದ್ದುದಲ್ಲದೆ, ಗಂಗರ ದುರ್ವಿನೀತನು ಕಟ್ಟಿಸಿದನೆಂದು ಪ್ರತೀತಿಯುಳ್ಳ ಬಸದಿಯ ಆಶ್ರಯದಲ್ಲಿ ಜೈನಾಚಾರ್ಯರ ನೆಲೆಯೂ ಆಗಿತ್ತು. 1055ರಲ್ಲಿ ಆ ಬಸದಿಗೆ ದಾನವಿತ್ತ ಇಂದ್ರಕೀರ್ತಿಯೆಂಬ ಆಚಾರ್ಯನ ಹೆಸರನ್ನು ಅಲ್ಲಿಯ ಶಾಸನವೇ ಉಳಿಸಿಕೊಟ್ಟಿದೆ. ಹರಪನಹಳ್ಳಿಯ ಸಮೀಪದ ಬಾಗಳಿಯಲ್ಲಿ ಎರಡನೆಯ ತೈಲಪನ ಆಳಿಕೆಯಲ್ಲಿ, 987ರಲ್ಲಿ, ದುಗ್ಗಿಮಯ್ಯನೆಂಬವನು ಕಲ್ಲೇಶ್ವರನ ಗುಡಿಯನ್ನು ಕಟ್ಟಿಸಿದನು. ಪೂವಿನ ಪಡಂಗಿಲೆಯೆಂದು ಶಾಸನಗಳು ಕರೆಯುವ ಹಡಗಲಿಯಲ್ಲಿ ದಂಡನಾಯಕ ರವಿದೇವನ ಪತ್ನಿಯಾದ ರೆಬ್ಬಲದೇವಿಯು 1090ರಲ್ಲಿ ಕೇಶವ ದೇವಾಲಯವನ್ನೆತ್ತಿಸಿದಳು. ಕುರುವತ್ತಿಯ ಬಳಿ, ತುಂಗಭದ್ರೆಯ ಮಡುವಿನಲ್ಲಿ, ಒಂದನೆಯ ಸೋಮೇಶ್ವರನು ಅಸಾಧ್ಯ ವ್ಯಾಧಿಯಿಂದ ಬಳಲಿ 1068ರಲ್ಲಿ ದೇಹತ್ಯಾಗ ಮಾಡಿದನು. ಅವನ ಮಗನಾದ ಆರನೆಯ ವಿಕ್ರಮಾದಿತ್ಯನು ಕೋಗಳಿ ಐನೂರರೊಳಗಣ ನೀರುಗುಂದವನ್ನು, ಎಂದರೆ ಇಂದಿನ ನೀಲಗುಂದವನ್ನು, ದ್ರಾವಿಡ ದೇಶದಿಂದ ಬಂದ ಬ್ರಾಹ್ಮಣರಿಗೆ ತಾಮ್ರಶಾಸನಪೂರ್ವಕವಾಗಿ ದತ್ತಿಯಾಗಿತ್ತನು.

ಈ ದತ್ತಿಗಳು ಬರಿಯ ಪುಣ್ಯಸಂಪಾದನೆಯ ಸಾಧನಗಳೆಂದು ಭಾವಿಸಿದರೆ ಅವುಗಳ ಅರ್ಧ ಅರ್ಥವನ್ನೇ ಗ್ರಹಿಸಿದಂತಾಗುವುದು. ಅಗ್ರಹಾರವನ್ನು ಪಡೆದ ಮಹಾಜನರು ಅಧ್ಯಯನ ಮತ್ತು ಅಧ್ಯಾಪನಗಳಲ್ಲಿ ನಿರತರಾಗಿರತಕ್ಕದ್ದೆಂಬುದು ಆ ದಾನದ ಪ್ರಾಣವಾಗಿತ್ತು. ಗುಡಿಗೆ ಬಿಟ್ಟ ಭೂಮಿಯಲ್ಲಿ ನೈವೇದ್ಯಕ್ಕೆ ಇಷ್ಟು, ನಂದಾದೀವಿಗೆಗೆ ಇಷ್ಟು, ವಿದ್ಯಾದಾನಕ್ಕೆ ಇಷ್ಟು ಎಂದು ವಿಂಗಡಿಸಿ ಬರೆಯುವುದು ಕನ್ನಡ ನಾಡಿನ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣುವ ಪದ್ಧತಿ. ಭಟ್ಟವೃತ್ತಿ, ಬಾಲಶಿಕ್ಷೆ ಎಂಬ ಹೆಸರುಗಳಿಂದ ಉಪಾಧ್ಯಾಯರ ಜೀವಿತಕ್ಕೆ ಮೀಸಲಾದ ಭೂಮಿಗಳು ಅರಸು ಮಡಿದರೂ, ವಂಶ ಬದಲಾದರೂ ಸಲ್ಲುತ್ತಿರಬೇಕೆಂಬ ಕಾರಣದಿಂದಲೇ, ದತ್ತಿಯನ್ನಳಿದವರಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪವು ತಟ್ಟಲೆಂಬ ಶಾಪಾಶಯವನ್ನು ಕಲ್ಲಿನ ಕೊನೆಯಲ್ಲಿ ಕೊರೆಯಿಸುತ್ತಿದ್ದರು.

ಆ ಏರ್ಪಾಡಿನ ಪೂರ್ಣಸ್ವರೂಪವನ್ನು ತಿಳಿಯಬೇಕಾದರೆ ಈ ಸೀಮೆಯಿಂದ ಬಡಗಣಕ್ಕೆ ಕೊಂಚ ದೂರ ಸಾಗಿ ಎರಡು ಶಾಸನಗಳನ್ನು ನೋಡಬೇಕು. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ 945ರಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಕಟ್ಟಿಸಿದ ಶಾಲೆಗೆ ನಾನಾ ದೇಶಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರ ವಾಸಕ್ಕೆ 27 ಮನೆಗಳಿದ್ದುವು. ಇರುಳಿನ ದೀಪದ ವೆಚ್ಚಕ್ಕೆಂದೇ 12 ನಿವರ್ತನ ಭೂಮಿಯೂ, ಆಚಾರ್ಯನಿಗೆಂದು 50 ನಿವರ್ತನವೂ ಮೀಸಲಾಗಿದ್ದುವು. ಇಷ್ಟು ಸಾಲದೆಂಬಂತೆ ಊರಿನಲ್ಲಿ ಮದುವೆಯಾದರೆ 5 ನಾಣ್ಯಗಳನ್ನೂ, ಉಪನಯನವಾದರೆ ಅದರ ಅರ್ಧವನ್ನೂ, ಚೌಲವಾದರೆ ಆ ಅರ್ಧದ ಅರ್ಧವನ್ನೂ ಗ್ರಾಮಸ್ಥರು ಶಾಲೆಗೆ ತೆರಬೇಕೆಂಬ ಕಟ್ಟಳೆಯಿತ್ತು. ಕಲಬುರಗಿ ಜಿಲ್ಲೆಯ ನಾಗಾವಿಯಲ್ಲಿ 1058ರಲ್ಲಿ ದಂಡನಾಯಕ ಮಧುಸೂದನನು ಸ್ಥಾಪಿಸಿದ ಘಟಿಕಾಸ್ಥಾನದಲ್ಲಿ ವೇದವನ್ನೋದುವ 200 ಮಂದಿಗೂ ಶಾಸ್ತ್ರವನ್ನೋದುವ 52 ಮಂದಿಗೂ ಅಶನಾಚ್ಛಾದನಗಳ ಏರ್ಪಾಡಿದ್ದುದಲ್ಲದೆ, ಗ್ರಂಥಭಂಡಾರವನ್ನು ಕಾಯಲು 6 ಮಂದಿ ಸರಸ್ವತೀ ಭಂಡಾರಿಗರೂ ನಿಯುಕ್ತರಾಗಿದ್ದರು. ಅರಸನ ಮುದ್ರೆಯು ಅಪ್ಪಣೆಯಾಗಿಯೂ, ಊರಿನ ಭೂಮಿಯು ಆಶ್ರಯವಾಗಿಯೂ, ಸ್ಥಳದಲ್ಲಿಯೇ ಇದ್ದ ಮಹಾಜನರ ಸಭೆಯು ಪರೀಕ್ಷಕನಾಗಿಯೂ ಒಂದೇ ದಾನಪತ್ರದಲ್ಲಿ ಕೂಡಿಬಂದಿದ್ದುದು ಇಲ್ಲಿ ಗಮನಾರ್ಹವಾದುದು.

ಆದರೆ ಈ ವ್ಯವಸ್ಥೆಯ ಬಾಗಿಲು ಅಗಲವಾಗಿರಲಿಲ್ಲವೆಂಬುದನ್ನು ಮರೆಯಲಾಗದು. ವೇದಶಾಸ್ತ್ರಗಳ ಅಧ್ಯಯನವು ದ್ವಿಜರಲ್ಲಿಯೂ ಪುರುಷರಿಗೇ ಮೀಸಲಾಗಿತ್ತು. ಆ ಗ್ರಾಮಗಳ ಹೊಲಗಳನ್ನುತ್ತು ದತ್ತಿಯ ಧಾನ್ಯವನ್ನು ಬೆಳೆದುಕೊಟ್ಟವರ ಮಕ್ಕಳು ಘಟಿಕಾಸ್ಥಾನದ ಹೊರಗೇ ಉಳಿದರು. ಹನ್ನೆರಡನೆಯ ಶತಮಾನದ ಶರಣರ ಚಳವಳಿಯಿಂದೀಚೆಗೆ ಈ ಕೊರತೆಯನ್ನು ಕೆಲಮಟ್ಟಿಗೆ ತುಂಬಿದುವು ಮಠಗಳು. ಪಂಚಪೀಠಗಳಲ್ಲೊಂದಾದ ಉಜ್ಜಿನಿಯೂ, ಕೊಟ್ಟೂರೇಶ್ವರನ ಕೊಟ್ಟೂರೂ ಈ ಸೀಮೆಯೊಳಗೇ ಇರುವುದರಿಂದ, ದಾಸೋಹದ ಪಂಕ್ತಿಯಲ್ಲಿ ಉಂಡು ಮಠದ ಜಗಲಿಯ ಮೇಲೆ ಓದುವುದು ಇಲ್ಲಿನ ಜನರಿಗೆ ಪರಕೀಯವಾದ ಪದ್ಧತಿಯಾಗಲಿಲ್ಲ. ಮುಂದೆ ಇಪ್ಪತ್ತನೆಯ ಶತಮಾನದಲ್ಲಿ ಪ್ರಸಾದನಿಲಯಗಳೆಂಬ ಹೆಸರಿನಿಂದ ಹುಟ್ಟಿದ ವಿದ್ಯಾರ್ಥಿಗೃಹಗಳ ಬೇರು ಇದೇ ಪಂಕ್ತಿಯಲ್ಲಿದೆ.

ವಿಜಯನಗರದ ಪತನಾನಂತರ ಹರಪನಹಳ್ಳಿಯ ಪಾಳೆಯಗಾರರೂ, ಬಿಜಾಪುರದವರೂ, ಮರಾಠರೂ, ಹೈದರ್ ಮತ್ತು ಟಿಪ್ಪೂ ಸುಲ್ತಾನರೂ ಒಬ್ಬರಾದ ಮೇಲೊಬ್ಬರು ಕಪ್ಪವನ್ನೆತ್ತಿದ ಈ ನಾಡನ್ನು 1800ರಲ್ಲಿ ಹೈದರಾಬಾದಿನ ನಿಜಾಮನು ಇಂಗ್ಲಿಷರ ಕಂಪನಿಗೆ ಒಪ್ಪಿಸಿದನು. ದತ್ತಮಂಡಲವೆಂದು ಹೆಸರಾದ ಆ ವಿಶಾಲ ಪ್ರಾಂತದ ಪ್ರಥಮ ಮುಖ್ಯ ಕಲೆಕ್ಟರನಾಗಿ 1807ರವರೆಗೆ ಇದ್ದ ಥಾಮಸ್ ಮನ್ರೋ ಊರೂರು ತಿರುಗಿ ರಯತವಾರಿ ಪದ್ಧತಿಯನ್ನು ನೆಲೆಗೊಳಿಸಿದನು. 1808ರಲ್ಲಿ ಪ್ರಾಂತವು ಬಳ್ಳಾರಿ ಮತ್ತು ಕಡಪ ಎಂಬ ಎರಡು ಜಿಲ್ಲೆಗಳಾಗಿ ಒಡೆದಾಗ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಗಳು ಬಳ್ಳಾರಿಯ ಪಾಲಿಗೆ ಬಂದುವು. ಇದೇ ಮನ್ರೋ ಮುಂದೆ ಮದ್ರಾಸಿನ ಗವರ್ನರನಾಗಿ, 1822ರ ಜೂನ್ ತಿಂಗಳಿನಲ್ಲಿ, ತನ್ನ ಆಡಳಿತದೊಳಗಣ ಊರುಗಳಲ್ಲಿ ಎಷ್ಟು ಪಾಠಶಾಲೆಗಳಿವೆ, ಯಾವ ಜಾತಿಯ ಎಷ್ಟು ಮಕ್ಕಳು ಏನನ್ನು ಓದುತ್ತಾರೆ ಎಂಬುದನ್ನು ವಿಚಾರಿಸಿ ವರದಿಮಾಡಬೇಕೆಂದು ಕಲೆಕ್ಟರುಗಳಿಗೆ ಆಜ್ಞಾಪಿಸಿದನು.

ಬಳ್ಳಾರಿಯ ಉತ್ತರವು 1823ರ ಆಗಸ್ಟಿನಲ್ಲಿ ಹೋಯಿತು. ಅದನ್ನು ಬರೆದ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ತೆಲುಗು ವ್ಯಾಕರಣವನ್ನೂ ನಿಘಂಟನ್ನೂ ರಚಿಸಿದ್ದ ಭಾಷಾಪಂಡಿತನಾಗಿದ್ದುದರಿಂದ, ಅಂಕಿಗಳ ಪಟ್ಟಿಯಷ್ಟನ್ನೇ ಕಳುಹಿಸಿ ಕೈತೊಳೆದುಕೊಳ್ಳದೆ, ಶಾಲೆಯ ಒಳಗೆ ಏನು ನಡೆಯುತ್ತದೆಂಬುದನ್ನೂ ವಿವರವಾಗಿ ಬಣ್ಣಿಸಿದನು. ಆ ಲೆಕ್ಕದಂತೆ 9,27,857 ಜನಸಂಖ್ಯೆಯ ಜಿಲ್ಲೆಯಲ್ಲಿ 533 ವಿದ್ಯಾಸ್ಥಾನಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಕನ್ನಡದವು 235, ತೆಲುಗಿನವು 226, ಮರಾಠಿಯವು 23, ಫಾರ್ಸಿಯವು 21, ತಮಿಳಿನವು 4, ಇಂಗ್ಲಿಷಿನದು 1, ಇವುಗಳ ಹೊರತು ಬ್ರಾಹ್ಮಣರು ಸಂಸ್ಕೃತದಲ್ಲಿ ಶಾಸ್ತ್ರಗಳನ್ನು ಓದುತ್ತಿದ್ದ ಸ್ಥಾನಗಳು 23. ಅನಂತಪುರವು ಆಗಿನ್ನೂ ಬಳ್ಳಾರಿಯಿಂದ ಬೇರ್ಪಡದಿದ್ದುದರಿಂದ ತೆಲುಗಿನ ಸಂಖ್ಯೆಯು ಕನ್ನಡಕ್ಕೆ ಅಷ್ಟು ಸಮೀಪವಾಗಿ ಕಾಣುತ್ತದೆ. ಪಡುವಣ ತಾಲೂಕುಗಳಾದ ನಮ್ಮ ಸೀಮೆಯಲ್ಲಾದರೋ ಮನೆಯ ಮಾತೂ ಮಠದ ಮಾತೂ ಕನ್ನಡವೇ.

ಜಾತಿವಾರು ಲೆಕ್ಕವು ಇನ್ನೂ ವಿಚಾರಾರ್ಹವಾದುದು. ಹಿಂದೂ ಬಾಲಕರಲ್ಲಿ ಬ್ರಾಹ್ಮಣರು 1,185, ವೈಶ್ಯರು 981, ಶೂದ್ರರೆಂದು ಗಣಿತರಾದವರು 2,998, ಇತರ ಜಾತಿಗಳವರು 1,174. ಮುಸಲ್ಮಾನ ವಿದ್ಯಾರ್ಥಿಗಳು 243. ಇಡೀ ಜಿಲ್ಲೆಯಲ್ಲಿ ಶಾಲೆಗೆ ಬರುತ್ತಿದ್ದ ಹಿಂದೂ ಬಾಲಿಕೆಯರು 60. ಅಗ್ರಹಾರದ ಕಾಲಕ್ಕೆ ಹೋಲಿಸಿದರೆ ಜಾತಿಯ ಬಾಗಿಲು ನಿಸ್ಸಂದೇಹವಾಗಿ ಅಗಲವಾಗಿತ್ತು. ಓದುವ ಹುಡುಗರಲ್ಲಿ ಬ್ರಾಹ್ಮಣರು ಐದರಲ್ಲೊಂದು ಪಾಲಿಗಿಂತ ಕಡಮೆ. ಹೆಣ್ಣುಮಕ್ಕಳ ಪಾಲಿಗೆ ಮಾತ್ರ ಅದು ಮುಚ್ಚಿದಂತೆಯೇ ಇತ್ತು.

ಕ್ಯಾಂಬೆಲ್ ಕಂಡ ಕೂಲಿಮಠದ, ಎಂದರೆ ಊರಿನ ಪಾಠಶಾಲೆಯ, ದಿನಚರಿಯನ್ನು ಈ ಸೀಮೆಯ ಹಿರಿಯರ ತಲೆಮಾರುಗಳು ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಅನುಭವಿಸಿದುವು. ಐದನೆಯ ವಯಸ್ಸಿನಲ್ಲಿ ಗಣೇಶನನ್ನು ಪೂಜಿಸಿ, ಮರಳಿನ ಮೇಲೆ ಬೆರಳಿನಿಂದ ಅಕ್ಷರವನ್ನು ತಿದ್ದಿಸುವುದರೊಡನೆ ಓದು ಮೊದಲಾಗುತ್ತಿತ್ತು. ಅಕ್ಷರವು ಕೈಗೆ ಕುದುರಿದ ಮೇಲೆ ಮಸಿಹಿಟ್ಟನ್ನು ಬಳಿದು ಗಟ್ಟಿಮಾಡಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆಯುವುದೂ, ಮಗ್ಗಿ ಲೆಕ್ಕಗಳನ್ನು ಒಕ್ಕೊರಲಿನಿಂದ ಒಪ್ಪಿಸುವುದೂ ನಡೆಯುತ್ತಿದ್ದುವು. ಮುಂಜಾನೆ ಮೊದಲು ಬಂದವನ ಅಂಗೈಯ ಮೇಲೆ ಗೌರವಾರ್ಥವಾಗಿ ಸರಸ್ವತಿಯೆಂದು ಬರೆಯುವುದು, ಎರಡನೆಯವನಿಗೆ ಹೊಗಳಿಕೆಯೂ ಬೇಡ ತೆಗಳಿಕೆಯೂ ಬೇಡವೆಂದು ಸೊನ್ನೆಯನ್ನಿಡುವುದು, ಮೂರನೆಯವನಿಗೆ ಒಂದು ಮೆಲುವಾದ ಏಟು, ನಾಲ್ಕನೆಯವನಿಗೆ ಎರಡು, ಮುಂದೆ ಬಂದವನಿಗೆಲ್ಲ ಒಂದೊಂದು ಹೆಚ್ಚು. ಮೈಗಳ್ಳನಿಗೆ ಬಸ್ಕಿ, ಹಟಮಾರಿಗೆ ತೊಲೆಗೆ ತೂಗಹಾಕುವ ಕೋದಂಡ. ದೊಡ್ಡ ಹುಡುಗರು ಚಿಕ್ಕವರಿಗೆ ಪಾಠ ಹೇಳುವ ಪದ್ಧತಿಯ ಮಿತವ್ಯಯವನ್ನು ಕ್ಯಾಂಬೆಲ್ ಮೆಚ್ಚಿದ್ದಾನೆ. ಮದ್ರಾಸಿನಲ್ಲಿ ಇದನ್ನು ಕಂಡ ಬೆಲ್ ಎಂಬ ಪಾದ್ರಿಯಿಂದ ಅದು ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಿಗೂ ಹೋಗಿ ಸೇರಿತ್ತು.

ಪಠ್ಯಗಳ ಪಟ್ಟಿಯನ್ನು ನೋಡಿದರೆ ರಾಮಾಯಣ, ಭಾರತ, ಭಾಗವತಗಳ ಪಕ್ಕದಲ್ಲಿಯೇ ಬಸವಪುರಾಣ, ಚೆನ್ನಬಸವಪುರಾಣ, ಗಿರಿಜಾಕಲ್ಯಾಣ, ರಾಘವಾಂಕನ ಕಾವ್ಯ, ಪಂಚತಂತ್ರ, ಅಮರಕೋಶ, ಶಬ್ದಮಣಿದರ್ಪಣಗಳೂ ಇವೆ. ಹಂಪೆಯಲ್ಲಿ ನೆಲೆಸಿದ ಹರಿಹರ ರಾಘವಾಂಕರ ಕೃತಿಗಳು ಅದರ ಸುತ್ತಣ ಊರುಗಳ ಮಕ್ಕಳ ನಾಲಗೆಯ ಮೇಲೆ ಆರುನೂರು ವರ್ಷಗಳಾದರೂ ಉಳಿದಿದ್ದುದು ಸಾಮಾನ್ಯ ಸಂಗತಿಯಲ್ಲ. ಆದರೆ ಹುಡುಗರು ಬಾಯಿಪಾಠ ಮಾಡಿದ ಪದ್ಯದ ಅರ್ಥವನ್ನು ಗಿಳಿಯು ತಿಳಿದಷ್ಟೇ ತಿಳಿದಿರುತ್ತಾರೆ, ಹಳೆಯ ಕಾವ್ಯಭಾಷೆಗೂ ಆಡುಮಾತಿಗೂ ಇರುವ ಅಂತರವನ್ನು ಉಪಾಧ್ಯಾಯನು ಬಿಡಿಸಿ ಹೇಳುವುದಿಲ್ಲ ಎಂಬ ಆಕ್ಷೇಪವನ್ನೂ ಕ್ಯಾಂಬೆಲ್ ಎತ್ತಿದ್ದಾನೆ. ಉಪಾಧ್ಯಾಯನ ಸ್ಥಿತಿಯಾದರೂ ಎಂತಹುದು? ಒಬ್ಬೊಬ್ಬ ವಿದ್ಯಾರ್ಥಿಯಿಂದ ತಿಂಗಳಿಗೆ ಕಾಲು ರೂಪಾಯಿಯಿಂದ ಅರ್ಧ ರೂಪಾಯಿ. ಶಾಲೆಯೊಂದಕ್ಕೆ ಸರಾಸರಿ ಹನ್ನೆರಡು ಹದಿಮೂರು ಮಕ್ಕಳು. ಅವನನ್ನು ನೇಮಿಸಿದವರಿಲ್ಲ, ತಿದ್ದುವವರಿಲ್ಲ, ಕೈಹಿಡಿಯುವವರಂತೂ ಮೊದಲೇ ಇಲ್ಲ.

ಈ ಕೊನೆಯ ಮಾತನ್ನು ಕ್ಯಾಂಬೆಲ್ ನಾಚಿಕೆಯೊಡನೆ ಒಪ್ಪಿಕೊಂಡಿದ್ದಾನೆ. ಜಿಲ್ಲೆಯ 533 ಸ್ಥಾನಗಳಲ್ಲಿ ಒಂದಕ್ಕಾದರೂ ಸರ್ಕಾರದಿಂದ ಆಗ ಏನೂ ಸಲ್ಲುತ್ತಿರಲಿಲ್ಲ; ಹಿಂದಿನ ಅರಸರ ಕಾಲದಲ್ಲಿ ವಿದ್ಯೆಗೆ ಬಿಟ್ಟ ಭೂಮಿಯೂ ವರ್ಷಾಶನವೂ ಉದ್ದೇಶವನ್ನು ಸ್ಪಷ್ಟವಾಗಿ ಹೇಳದಿದ್ದರೂ ಫಲತಃ ಶಾಲೆಗಳನ್ನು ಸಾಕುತ್ತಿದ್ದುವು. ಇಂಗ್ಲೆಂಡಿನ ಗಿರಣಿಗಳ ಬಟ್ಟೆಯು ಬಂದು ನೇಕಾರರ ಮಗ್ಗಗಳು ನಿಂತುಹೋದುವು. ಪಾಳೆಯಗಾರರ ದರಬಾರುಗಳೂ ದೇಶೀಯ ಸೈನ್ಯಗಳೂ ಅಳಿದು, ಅವುಗಳಲ್ಲಿ ವೆಚ್ಚವಾಗುತ್ತಿದ್ದ ಧನವು ಊರನ್ನು ಬಿಟ್ಟಿತು. ಕೂಳಿಗೆ ಕಷ್ಟವಾದ ಮನೆಯು ಮಗನ ಕೈಯಲ್ಲಿದ್ದ ಬಳಪವನ್ನು ಬಿಡಿಸಿ ಹೊಲಕ್ಕಟ್ಟಿತು. ಇಡೀ ಮದ್ರಾಸ್ ಆಡಳಿತದ ಲೆಕ್ಕವನ್ನು ಕೂಡಿಸಿ 1826ರ ಮಾರ್ಚಿನಲ್ಲಿ ಮನ್ರೋ ಬರೆದ ಟಿಪ್ಪಣಿಯಲ್ಲಿ 12,498 ಶಾಲೆಗಳೂ 1,88,650 ವಿದ್ಯಾರ್ಥಿಗಳೂ ಕಾಣುತ್ತಾರೆ. ಎಂದರೆ ಪ್ರಾಂತದಲ್ಲಿ 67 ಜನರಿಗೊಬ್ಬ ವಿದ್ಯಾರ್ಥಿಯಿದ್ದರೆ ಬಳ್ಳಾರಿಯಲ್ಲಿ ಸುಮಾರು 140 ಜನರಿಗೊಬ್ಬನು. ಆಶ್ರಯವು ತಪ್ಪಿದ ಸ್ವಾತಂತ್ರ್ಯವು ಶಾಲೆಯನ್ನು ಎಲ್ಲಿಯವರೆಗೆ ಬದುಕಿಸಬಲ್ಲುದೆಂಬುದಕ್ಕೆ ಈ ಎರಡು ಸಂಖ್ಯೆಗಳೇ ಸಾಕ್ಷಿ.

ಮನ್ರೋ ಸೂಚಿಸಿದ ಪರಿಹಾರವು ಉದಾರವಾಗಿತ್ತು. ಪ್ರತಿ ಕಲೆಕ್ಟರೇಟಿಗೆ ಎರಡರಂತೆ 40 ದೊಡ್ಡ ಶಾಲೆಗಳು, ತಹಸೀಲುಗಳಲ್ಲಿ 300 ಶಾಲೆಗಳು. ಮೊದಲಿನವುಗಳ ಉಪಾಧ್ಯಾಯನಿಗೆ ತಿಂಗಳಿಗೆ 15 ರೂಪಾಯಿ, ಎರಡನೆಯವುಗಳಲ್ಲಿ 9 ರೂಪಾಯಿ. ಅದರ ಮೇಲೆ ಮಕ್ಕಳಿಂದ ಬರುವ ಶುಲ್ಕ. ಸರ್ಕಾರದ ಬೊಕ್ಕಸದಿಂದ ವೇತನವುಳ್ಳ ಉಪಾಧ್ಯಾಯನು ತಾಲೂಕಿನ ಕಸಬೆಗೆ ಬರುವ ಯೋಜನೆಯು ಇಂತು ಮೊದಲ ಬಾರಿಗೆ ರೂಪುಗೊಂಡಿತು. ಆದರೆ 1827ರ ಜುಲೈಯಲ್ಲಿ, ತನಗೆ ಪ್ರಿಯವಾಗಿದ್ದ ದತ್ತಮಂಡಲದ ಪ್ರವಾಸದಲ್ಲಿಯೇ, ಪತ್ತಿಕೊಂಡದ ಬಳಿ ವಾಂತಿಭೇದಿಗೆ ತುತ್ತಾಗಿ ಮನ್ರೋ ತೀರಿಕೊಂಡನು. ಮೇಲ್ವಿಚಾರಣೆಯು ಕಂದಾಯದ ಕೆಲಸದಲ್ಲಿಯೇ ಮುಳುಗಿದ್ದ ಅಧಿಕಾರಿಗಳ ಪಾಲಿಗೆ ಬಿದ್ದಿತು. ಶಾಲೆಯಲ್ಲಿ ಏನು ನಡೆಯುತ್ತದೆಂದು ನೋಡಬಲ್ಲ, ಉಪಾಧ್ಯಾಯನಿಗೆ ಮೇಲ್ಪಂಕ್ತಿಯಾಗಬಲ್ಲ ಒಬ್ಬ ವಿದ್ಯಾವಂತನು ಆ ಏರ್ಪಾಡಿನೊಳಗೆ ಇರಲಿಲ್ಲ. ಆ ಯೋಜನೆಯಂತೆ ತೆರೆದಿದ್ದ ಶಾಲೆಗಳನ್ನು 1836ರಲ್ಲಿ ರದ್ದುಗೊಳಿಸಲಾಯಿತು. ಕ್ಯಾಂಬೆಲ್ ಕಂಡ ಶಾಲೆಗೆ ಅನ್ನವಿರಲಿಲ್ಲ. ಮನ್ರೋ ಕಟ್ಟಿದ ಶಾಲೆಗೆ ಅನ್ನವಿದ್ದರೂ ನೋಡುವ ಕಣ್ಣಿರಲಿಲ್ಲ.

ಮೂರನೆಯ ಪ್ರಯೋಗವು ವಿಶ್ವವಿದ್ಯಾನಿಲಯದ್ದು. 1854ರ ಜುಲೈಯಲ್ಲಿ ಚಾರ್ಲ್ಸ್ ವುಡ್ ಕಳುಹಿಸಿದ ವಿದ್ಯಾಸಂಬಂಧವಾದ ಆಜ್ಞಾಪತ್ರದಲ್ಲಿ ವಿದ್ಯಾ ಇಲಾಖೆ, ಖಾಸಗಿ ಶಾಲೆಗಳಿಗೆ ಸಹಾಯದ್ರವ್ಯ, ಲಂಡನ್ನಿನ ಮಾದರಿಯ ವಿಶ್ವವಿದ್ಯಾನಿಲಯಗಳು ಎಂಬ ಮೂರು ಅಂಗಗಳಿದ್ದುವು. ಅದರಂತೆ 1857ರ ಸೆಪ್ಟೆಂಬರ್ 5ರಂದು ಮದ್ರಾಸ್ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಅದು ಪಾಠ ಹೇಳುವ ಸಂಸ್ಥೆಯಾಗಿರದೆ ಪರೀಕ್ಷೆ ನಡೆಸುವ ಸಂಸ್ಥೆಯಾಗಿತ್ತು. ಹೈಸ್ಕೂಲಿಗೆ ಮಾನ್ಯತೆಯನ್ನೂ ಹಣವನ್ನೂ ಕೊಡುವುದು, ಇನ್‌ಸ್ಪೆಕ್ಟರನನ್ನು ಕಳುಹಿಸುವುದು ಇಲಾಖೆಯ ಕೆಲಸ. ಆ ಹೈಸ್ಕೂಲಿನಲ್ಲಿ ಏನನ್ನು ಕಲಿಸಬೇಕೆಂಬುದನ್ನು ವಸ್ತುತಃ ನಿರ್ಧರಿಸಿದುದು ವಿಶ್ವವಿದ್ಯಾನಿಲಯದ ಮೆಟ್ರಿಕ್ಯುಲೇಷನ್ ಪರೀಕ್ಷೆ. ಶಾಲೆಯನ್ನು ಆಳಿದ ಸಂಸ್ಥೆಯು ಶಾಲೆಯನ್ನು ಕಾಣಲಿಲ್ಲ, ಸಾಕಲೂ ಇಲ್ಲ.

ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನವರು 1810ರಿಂದ ನೆಲೆಸಿದ್ದು, ಬೈಬಲನ್ನು ಕನ್ನಡಿಸಿದ ಜಾನ್ ಹ್ಯಾಂಡ್ಸ್, ಕನ್ನಡ ನಿಘಂಟನ್ನು ರಚಿಸಿದ ರೀವ್ ಮೊದಲಾದವರ ಪರಿಶ್ರಮದಿಂದ ಆ ಊರು ವಿದ್ಯಾಕೇಂದ್ರವೆನಿಸಿತ್ತು. 1846ರಲ್ಲಿ ಅವರೇ ತೆರೆದ ವಾರ್ಡ್ಲಾ ಶಾಲೆಯು ಮೆಟ್ರಿಕ್ಯುಲೇಷನ್ನಿಗೆ ಹುಡುಗರನ್ನು ಸಿದ್ಧಪಡಿಸಿ, ಮುಂದೆ ಎರಡನೆಯ ದರ್ಜೆಯ ಕಾಲೇಜಾಗಿಯೂ ಕೆಲಕಾಲ ನಡೆಯಿತು. ಪಡುವಣ ತಾಲೂಕುಗಳ ಹುಡುಗನಿಗೆ ಈ ಬಾಗಿಲು ತೆರೆದಿದ್ದರೂ ದೂರವಾಗಿತ್ತು. ಮಾಗಳದಲ್ಲಿ ಕನ್ನಡ ಓದಿ, ಕಸಬೆಯಲ್ಲಿ ಇಂಗ್ಲಿಷಿನ ಮೊದಲ ಪಾಠಗಳನ್ನು ಕಲಿತು, ಎತ್ತಿನ ಗಾಡಿಯಲ್ಲಿ ಬಳ್ಳಾರಿಗೆ ಹೋಗಿ, ಬಂಧುಗಳ ಮನೆಯಲ್ಲಿಯೋ ವಾರದ ಊಟದ ಮನೆಗಳಲ್ಲಿಯೋ ಉಂಡು, ಮದ್ರಾಸಿನಲ್ಲಿ ಸಿದ್ಧವಾದ ಪ್ರಶ್ನೆಪತ್ರಿಕೆಗೆ ಇಂಗ್ಲಿಷಿನಲ್ಲಿ ಉತ್ತರ ಬರೆಯಬಲ್ಲವರು ಎಷ್ಟು ಮಂದಿ? ಬುದ್ಧಿಯು ಊರೂರಿಗೂ ಹಂಚಿತ್ತು. ಆದರೆ ದಾರಿಯ ವೆಚ್ಚವನ್ನು ತೆರಬಲ್ಲ ಮನೆಗಳು ಕಸಬೆಗೆ ನಾಲ್ಕಾರು.

ಪ್ರಾಥಮಿಕ ಶಾಲೆಗಳಲ್ಲಿ ಆಗ ಫಲಿತಾಂಶವನ್ನು ನೋಡಿ ಹಣ ಕೊಡುವ ಪದ್ಧತಿಯು ಜಾರಿಯಲ್ಲಿತ್ತು. ಇನ್‌ಸ್ಪೆಕ್ಟರನು ಬಂದ ದಿನ ಎಷ್ಟು ಮಕ್ಕಳು ಓದು, ಬರಹ, ಲೆಕ್ಕಗಳಲ್ಲಿ ತೇರ್ಗಡೆಯಾದರೋ ಅಷ್ಟಕ್ಕೆ ಗ್ರಾಂಟು. ಹೊರನೋಟಕ್ಕೆ ನ್ಯಾಯವಾಗಿ ಕಾಣುವ ಈ ಕಟ್ಟಳೆಯ ದೋಷವು ಬರಗಾಲದಲ್ಲಿ ಬಯಲಾಗತಕ್ಕುದಾಗಿತ್ತು. 1876ರಿಂದ 1878ರವರೆಗೆ ಬಳ್ಳಾರಿ ಜಿಲ್ಲೆಯನ್ನು ಹುರಿದ ಮಹಾಕ್ಷಾಮದಂತಹ ಕಾಲದಲ್ಲಿ, ಮಕ್ಕಳು ಶಾಲೆಗೆ ಬಾರದಿರುವುದು ಉಪಾಧ್ಯಾಯನ ಅಪರಾಧವಲ್ಲದಿದ್ದರೂ ಅದರ ದಂಡವು ಅವನ ಮೇಲೆಯೇ ಬೀಳುತ್ತಿತ್ತು. ಬಡ ಊರಿನ ಶಾಲೆಗೆ ಹೆಚ್ಚು ನೆರವು ಬೇಕಾದ ವರ್ಷವೇ ಅದಕ್ಕೆ ಕಡಮೆ ನೆರವು ಸಲ್ಲುವಂತಾಗುತ್ತಿತ್ತು. 1871ರ ಸ್ಥಳೀಯ ನಿಧಿಯ ಕಾನೂನು, 1884ರ ಲೋಕಲ್ ಬೋರ್ಡುಗಳ ಕಾನೂನುಗಳಿಂದ ಶಾಲೆಗಳ ಪೋಷಣೆಯು ಜಿಲ್ಲಾ ಮತ್ತು ತಾಲೂಕು ಬೋರ್ಡುಗಳಿಗೆ ಬಂದ ಮೇಲೆ ಈ ಅನಿಶ್ಚಯವು ತಗ್ಗಿತು. ಬೋರ್ಡ್ ಸ್ಕೂಲೆಂಬ ಹೆಸರು ನಮ್ಮ ಊರುಗಳಲ್ಲಿ ಬಹುಕಾಲ ಉಳಿದುದಕ್ಕೆ ಇದೇ ಕಾರಣ. 1911ರ ಸುಮಾರಿಗೆ ಮದ್ರಾಸ್ ಪ್ರಾಂತದಲ್ಲಿ ಎಸ್.ಎಸ್.ಎಲ್.ಸಿ. ಪದ್ಧತಿಯು ಬಂದು, ಶಾಲೆಯೊಳಗಣ ವರ್ಷದ ಕೆಲಸದ ಗುಣಾಂಕಗಳನ್ನೂ ಸರ್ಟಿಫಿಕೇಟಿನಲ್ಲಿ ನಮೂದಿಸುವಂತಾಯಿತು; ಉಪಾಧ್ಯಾಯನ ತೀರ್ಪಿಗೂ ಬೆಲೆಯುಂಟೆಂಬುದನ್ನು ಆ ಸರ್ಟಿಫಿಕೇಟಿನ ಹಾಳೆಗಳು ಒಪ್ಪಿಕೊಂಡುವು.

ಆದರೆ ಈ ಸೀಮೆಯ ವಿದ್ಯಾಭಿವೃದ್ಧಿಗೆ ನಿಜವಾದ ತಿರುವನ್ನು ಕೊಟ್ಟುದು ಜನರೇ ಕಟ್ಟಿಕೊಂಡ ಸಂಸ್ಥೆ. 1916ರಲ್ಲಿ ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘವು ಸ್ಥಾಪಿತವಾಯಿತು; ಅದೇ ವರ್ಷದ ಜುಲೈಯಲ್ಲಿ ಗಡಿಯಾಚೆ ಮೈಸೂರು ವಿಶ್ವವಿದ್ಯಾನಿಲಯವು ಹುಟ್ಟಿದುದು ಕಾಕತಾಳೀಯವಾದರೂ ಕಾಲದ ಒಲವನ್ನು ತೋರಿಸುತ್ತದೆ. ವರ್ತಕರ ವಂತಿಗೆ, ರೈತರ ಕಾಣಿಕೆ, ಮಠಗಳ ಆಶೀರ್ವಾದಗಳಿಂದ ಬೆಳೆದ ಸಂಘವು 1945ರಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯದ ಮಾನ್ಯತೆಯನ್ನು ಪಡೆದು ಬಳ್ಳಾರಿಯಲ್ಲಿ ವೀರಶೈವ ಕಾಲೇಜನ್ನು ತೆರೆಯಿತು. ಕಾಲೇಜುಗಳ ವಿಷಯದಲ್ಲಿ ವಿಶ್ವವಿದ್ಯಾನಿಲಯದ ನಡೆಯು ಹೈಸ್ಕೂಲುಗಳ ವಿಷಯಕ್ಕಿಂತ ಭಿನ್ನವಾಗಿತ್ತೆಂಬುದನ್ನು ಇಲ್ಲಿ ಲಕ್ಷಿಸಬೇಕು. 1904ರ ವಿಶ್ವವಿದ್ಯಾನಿಲಯಗಳ ಕಾನೂನಿನಂತೆ ಕಟ್ಟಡ, ಗ್ರಂಥಾಲಯ, ಪ್ರಯೋಗಶಾಲೆ, ಅಧ್ಯಾಪಕರ ಅರ್ಹತೆ, ಸಂಸ್ಥೆಯ ಆರ್ಥಿಕ ಭದ್ರತೆಗಳನ್ನೆಲ್ಲ ಪರಿಶೀಲಿಸಿದಲ್ಲದೆ ಮಾನ್ಯತೆಯು ದೊರೆಯುತ್ತಿರಲಿಲ್ಲ. ದೊರೆತ ಮೇಲೆಯೂ ತಪಾಸಣೆಯು ನಿಲ್ಲುತ್ತಿರಲಿಲ್ಲ. ಊರಿನವರ ಧನ, ವಿಶ್ವವಿದ್ಯಾನಿಲಯದ ಷರತ್ತು, ಸ್ಥಳದಲ್ಲಿ ಉತ್ತರವಾದಿಯಾದ ಒಂದು ಮಂಡಲಿ, ಈ ಮೂರೂ ಸೇರಿದ ಕಡೆಯಲ್ಲಿ ಸಂಸ್ಥೆಯು ನಿಂತಿತು. ಸಾಲೋಟಗಿಯ ಶಾಸನದಲ್ಲಿದ್ದ ಮೂರು ಅಂಗಗಳು ಸಾವಿರ ವರ್ಷಗಳ ತರುವಾಯ ಹೊಸ ವೇಷದಲ್ಲಿ ಮತ್ತೆ ಕೂಡಿದುದು ಹೀಗೆ.

1953ರ ಅಕ್ಟೋಬರ್ 1ರಂದು ಆಂಧ್ರರಾಜ್ಯವು ಉದಯಿಸಿದಾಗ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳನ್ನು ಆ ಕಡೆಗೆ ಬಿಟ್ಟು ಬಳ್ಳಾರಿಯ ಉಳಿದ ಭಾಗವು ಮೈಸೂರು ರಾಜ್ಯಕ್ಕೆ ಸೇರಿತು. ಕನ್ನಡದ ಮಕ್ಕಳ ವಿದ್ಯಾಭ್ಯಾಸವು ಕನ್ನಡದ ರಾಜ್ಯದ ಹೊಣೆಯಾಯಿತು. ತರುವಾಯ ಹೈಸ್ಕೂಲಿನ ಪರೀಕ್ಷೆಯು ರಾಜ್ಯದ ಪರೀಕ್ಷಾಮಂಡಲಿಯ ಕೈಗೂ, ಶಾಲೆಯ ಮಾನ್ಯತೆಯು ಇಲಾಖೆಯ ಕೈಗೂ ಹೋಗಿ, ವಿಶ್ವವಿದ್ಯಾನಿಲಯಕ್ಕೂ ಶಾಲೆಗೂ ಇದ್ದ ತೆಳುವಾದ ಸಂಬಂಧವೂ ಕಳಚಿತು. 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾನಿಲಯ, 1991ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ, 2010ರಲ್ಲಿ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಗಳು ಹುಟ್ಟಿ, ಮದ್ರಾಸಿನಲ್ಲಿದ್ದ ವಿದ್ಯಾಪೀಠವು ಮನೆಯ ಬಾಗಿಲಿಗೇ ಬಂದಿತು. ವಿಶ್ವವಿದ್ಯಾನಿಲಯವು ಸಮೀಪಕ್ಕೆ ಬಂದ ಕಾಲದಲ್ಲಿಯೇ ಶಾಲೆಯಿಂದ ದೂರವಾದುದು ಈ ಚರಿತ್ರೆಯ ವೈಪರೀತ್ಯ.

ಈ ಸಂಬಂಧವು ಬೇರೊಂದು ರೀತಿಯಲ್ಲಿಯೂ ಇರಬಹುದೆಂಬುದಕ್ಕೆ ಅಮೆರಿಕದ ಒಂದು ಪ್ರಯೋಗವು ನಿದರ್ಶನವಾಗಿದೆ. ಅಲ್ಲಿಯ ಮಿನಿಸೋಟ ರಾಜ್ಯವು 1991ರಲ್ಲಿ ಚಾರ್ಟರ್ ಶಾಲೆಗಳ ಮೊದಲ ಕಾನೂನನ್ನು ಮಾಡಿತು; ಮರುವರ್ಷ ಅಂತಹ ಮೊದಲ ಶಾಲೆಯು ತೆರೆಯಿತು. ಸರ್ಕಾರದ ಹಣದಿಂದಲೇ ನಡೆದು, ಶುಲ್ಕವನ್ನು ತೆಗೆದುಕೊಳ್ಳದೆ, ಪಾಠಕ್ರಮದಲ್ಲಿ ತಕ್ಕಮಟ್ಟಿನ ಸ್ವಾತಂತ್ರ್ಯವನ್ನುಳ್ಳ ಈ ಶಾಲೆಗಳಿಗೆ ಅಪ್ಪಣೆ ಕೊಡುವ ಅಧಿಕಾರವನ್ನು ಕೆಲವು ರಾಜ್ಯಗಳು ವಿಶ್ವವಿದ್ಯಾನಿಲಯಗಳಿಗೂ ಇತ್ತಿವೆ. ಮಿಶಿಗನ್ ರಾಜ್ಯದಲ್ಲಿ ಸೆಂಟ್ರಲ್ ಮಿಶಿಗನ್ ವಿಶ್ವವಿದ್ಯಾನಿಲಯವು 1994ರಿಂದ ಈ ಕಾರ್ಯದಲ್ಲಿ ತೊಡಗಿದೆ. ಶಾಲೆಗೆ ರಾಜ್ಯದಿಂದ ಸಲ್ಲುವ ಧನದಲ್ಲಿ ನೂರಕ್ಕೆ ಮೂರರವರೆಗೆ ಮೇಲ್ವಿಚಾರಣೆಯ ವೆಚ್ಚಕ್ಕಾಗಿ ಅಪ್ಪಣೆದಾರನು ಹಿಡಿದುಕೊಳ್ಳಬಹುದು. ನ್ಯೂಯಾರ್ಕ್ ರಾಜ್ಯದ ವಿಶ್ವವಿದ್ಯಾನಿಲಯಕ್ಕೆ 1998ರ ಕಾನೂನಿನಿಂದ ಈ ಅಧಿಕಾರವು ಬಂದಿತು. ಅಲ್ಲಿ ಅಪ್ಪಣೆಯ ಅವಧಿಯು ಐದು ವರ್ಷಗಳನ್ನು ಮೀರುವುದಿಲ್ಲ. ಅವಧಿಯು ತೀರಿದಾಗ ಮಕ್ಕಳ ಕಲಿಕೆಯನ್ನೂ ಹಣದ ಲೆಕ್ಕವನ್ನೂ ನೋಡಿ ಅದನ್ನು ಮುಂದುವರಿಸುವುದು ಅಥವಾ ಹಿಂದೆಗೆದುಕೊಳ್ಳುವುದು. ನಡುವೆ ಶಾಲೆಯ ಆಡಳಿತ ಮಂಡಲಿಯ ಸದಸ್ಯರಿಗೂ ಉಪಾಧ್ಯಾಯರಿಗೂ ಸಲಹೆ ಸಹಾಯಗಳನ್ನೀಯುವುದು. ಎಲ್ಲ ಶಾಲೆಗಳೂ ಗೆದ್ದಿಲ್ಲ, ಕೆಲವು ಮುಚ್ಚಿವೆ, ಸಾರ್ವಜನಿಕ ಶಾಲೆಗಳ ಹಣವನ್ನು ಇವು ಕವಲೊಡೆಯಿಸುತ್ತವೆಂಬ ವಿವಾದವು ಅಲ್ಲಿ ಇಂದಿಗೂ ತೀರಿಲ್ಲ.

ಆ ದೇಶದ ವ್ಯವಸ್ಥೆಯನ್ನು ಹಾಗೆಯೇ ತಂದು ಇಲ್ಲಿ ನೆಡಬೇಕೆಂದು ಹೇಳುವುದು ಅವಿವೇಕವಾದೀತು. ಸರ್ಕಾರಿ ಶಾಲೆಯ ಹೊರತು ಗತಿಯಿಲ್ಲದ ಕುಟುಂಬಗಳೇ ಹೆಚ್ಚಾಗಿರುವ ನಮ್ಮ ತಾಲೂಕುಗಳಲ್ಲಿ ಶಾಲೆಯನ್ನು ಮುಚ್ಚುವ ಬೆದರಿಕೆಯು ಉಪಾಧ್ಯಾಯನಿಗಿಂತ ಮೊದಲು ಮಗುವನ್ನೇ ದಂಡಿಸುವುದೆಂಬುದನ್ನು ಫಲಿತಾಂಶದ ಗ್ರಾಂಟಿನ ಕಥೆಯು ಆಗಲೇ ಕಲಿಸಿದೆ. ಆದರೆ ಅಪ್ಪಣೆ ಕೊಟ್ಟವನು ಅಪ್ಪಣೆಯ ಕಾಗದದೊಡನೆ ತನ್ನ ಹೊಣೆ ತೀರಿತೆಂದು ಕೂರಲಾಗದೆಂಬ ತತ್ತ್ವವು ಪರದೇಶದ್ದಲ್ಲ. ದೀಪದ ಎಣ್ಣೆಗೂ ಭೂಮಿಯನ್ನು ಬಿಟ್ಟ ಸಾಲೋಟಗಿಯ ಮಂತ್ರಿಯು ಅದನ್ನರಿತಿದ್ದನು. ತನ್ನ ಸರ್ಕಾರವು ಅದನ್ನು ಮರೆತುದಕ್ಕೆ ಕ್ಯಾಂಬೆಲ್ ನಾಚಿದನು.

ಆದುದರಿಂದ ಈ ಸೀಮೆಯ ಇತಿಹಾಸದಿಂದ ಹೊರಡುವ ತೀರ್ಪು ಸ್ಪಷ್ಟವಾಗಿದೆ. ಅಪ್ಪಣೆ, ಆಶ್ರಯ, ಪರೀಕ್ಷಣೆಗಳಲ್ಲಿ ಯಾವುದೊಂದನ್ನು ಕಳೆದರೂ ಉಳಿದೆರಡು ನಿಷ್ಫಲವಾದುವು. ಮೂರೂ ಶಾಲೆಯ ಸಮೀಪದಲ್ಲಿ ಕೂಡಿದಾಗ ಮಾತ್ರ ವಿದ್ಯೆಯು ಬೆಳೆಯಿತು. ಕೂಡಿದ ಕಾಲದಲ್ಲಿಯೂ ಬಾಗಿಲು ಕಿರಿದಾಗಿದ್ದರೆ ಬೆಳೆದ ವಿದ್ಯೆಯು ಕೆಲವರ ಸೊತ್ತಾಯಿತು. ಇಂದು ಬಾಗಿಲು ತೆರೆದಿದೆ. 1823ರ 60 ಬಾಲಿಕೆಯರ ಊರುಗಳಲ್ಲಿ ಶಾಲೆಯ ಮುಂದೆ ಸಾಲುಗಟ್ಟಿ ನಿಲ್ಲುವ ಹೆಣ್ಣುಮಕ್ಕಳೇ ಅದಕ್ಕೆ ಪ್ರಮಾಣ. ಹಂಪಿಯಲ್ಲಿಯೂ ಬಳ್ಳಾರಿಯಲ್ಲಿಯೂ ಇರುವ ನಮ್ಮ ವಿಶ್ವವಿದ್ಯಾಲಯಗಳು ಪದವಿಯ ಪರೀಕ್ಷೆಗಳಷ್ಟಕ್ಕೇ ತೃಪ್ತವಾಗದೆ, ಹಡಗಲಿ, ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಗಳ ಕೆಲವು ಪ್ರೌಢಶಾಲೆಗಳನ್ನಾದರೂ ಇಲಾಖೆಯ ಒಪ್ಪಿಗೆಯಿಂದ ತಮ್ಮ ಪೋಷಣೆಗೆ ತೆಗೆದುಕೊಂಡು, ತಮ್ಮ ಅಧ್ಯಾಪಕರನ್ನೂ ಗ್ರಂಥಗಳನ್ನೂ ಪ್ರಯೋಗಶಾಲೆಗಳನ್ನೂ ಅವುಗಳಿಗೆ ತೆರೆದು, ಮಕ್ಕಳು ಏನು ಕಲಿತರೆಂಬುದನ್ನು ವರ್ಷವರ್ಷವೂ ಊರಿನವರ ಮುಂದೆ ಒಪ್ಪಿಸುವ ಹೊಣೆಯನ್ನು ಹೊರಬೇಕು. ವಿದ್ವಜ್ಜನರು ಇದನ್ನು ತಮ್ಮ ಘನತೆಗೆ ಕಡಮೆಯ ಕೆಲಸವೆಂದೆಣಿಸದಿರಲಿ. ಊರಿನ ಹಿರಿಯರು ಅವರನ್ನು ಕರೆದು ಕೇಳಲು ಹಿಂಜರಿಯದಿರಲಿ.